ಐವತ್ತು ದಾಟಿದ ಪತಿಯ ಮೌನ



ಹೆಣ್ಣಿನ ಆರೋಗ್ಯದ ಬಗ್ಗೆ ನಾವು ಪತ್ರಿಕೆಗಳಲ್ಲಿ ಬೇಕಾದಷ್ಟು ಓದಿದ್ದೇವೆ. ರಕ್ತಹೀನತೆ, ಬಿಳಿಸೆರಗು, ಮುಟ್ಟು ನಿಲ್ಲುವ ಕಾಲದ ತೊಂದರೆ, ಮಂಡಿನೋವು ಹೀಗೆ ಪಟ್ಟಿ ಉದ್ದವಿದೆ. ಗಂಡಸಿನ ಆರೋಗ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಬಿ.ಪಿ., ಶುಗರ್, ಹೃದಯ. ಆದರೆ ಐವತ್ತು, ಅರವತ್ತು ದಾಟಿದ ಗಂಡಸಿನ ದಾಂಪತ್ಯ ಸಾಮರ್ಥ್ಯ ಕುಗ್ಗಿದರೆ ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅವನು ಹೇಳುವುದಿಲ್ಲ. ಅವಳು ಕೇಳುವುದಿಲ್ಲ. ಮಕ್ಕಳಿಗೆ ಮದುವೆಯಾಗಿದೆ, ಮೊಮ್ಮಕ್ಕಳು ಅಂಗಳದಲ್ಲಿ ಆಡುತ್ತಿದ್ದಾರೆ, ಈ ವಯಸ್ಸಿನಲ್ಲಿ ಇಂತಹ ಮಾತು ಬೇಕೇ ಎಂಬ ಸಂಕೋಚ ಇಬ್ಬರಿಗೂ ಇರುತ್ತದೆ.

ಸಂಕೋಚ ಒಳ್ಳೆಯ ಗುಣವೇ. ಆದರೆ ಕಾಯಿಲೆಯೊಂದು ಆ ಸಂಕೋಚದ ಹಿಂದೆ ಅಡಗಿ ಕುಳಿತರೆ ಏನು ಮಾಡುವುದು? ಈ ಪ್ರಶ್ನೆಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ಗಂಡಸಿನ ವಿಷಯವನ್ನು ಹೆಂಗಸರಿಗೆ ಯಾಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಬದಲಾವಣೆಯನ್ನು ಮೊದಲು ಗಮನಿಸುವವಳು ನೀವು. ಮನೆಯ ಎಣ್ಣೆ, ಸಕ್ಕರೆ, ಉಪ್ಪು ನಿಮ್ಮ ಕೈಯಲ್ಲಿದೆ. ಮಾತ್ರೆ ನುಂಗಿದಿರಾ ಎಂದು ಕೇಳುವವಳೂ ನೀವೇ. ಜೊತೆಗೆ, ಅವನ ಮೌನಕ್ಕೆ ತಪ್ಪು ಅರ್ಥ ಕಟ್ಟಿಕೊಂಡು ಒಳಗೊಳಗೇ ಕೊರಗುವವಳೂ ನೀವೇ.

ತವರು ಗುಬ್ಬಿ, ಸೇರಿದ ಮನೆ ತುಮಕೂರು, ತಂಗಿಯನ್ನು ಕೊಟ್ಟಿರುವುದು ಕುಣಿಗಲ್‌ಗೆ. ಈ ಮೂರು ಊರುಗಳ ಮದುವೆ, ಅಖೀಖಾ, ಸಾವಿನ ಮನೆಗಳಿಗೆ ಓಡಾಡುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹುಡುಗಿಯರು ಎದ್ದು ಹೋದ ಮೇಲೆ, ವಯಸ್ಸಾದ ಹೆಂಗಸರು ಮಾತ್ರ ಉಳಿದಾಗ, ಎಲೆ ಅಡಿಕೆ ತಟ್ಟೆಯ ಸುತ್ತ ಕೆಲವು ಮಾತುಗಳು ಹೊರಬರುತ್ತವೆ. “ನಮ್ಮವರು ಎರಡು ವರ್ಷದಿಂದ ಹೊರಗಿನ ಕೋಣೆಯಲ್ಲೇ ಮಲಗುತ್ತಾರೆ” ಎಂದು ಒಬ್ಬರು ಹೇಳಿದರೆ, “ಮೊದಲಿನಂತೆ ಮಾತಿಲ್ಲ, ಬರೀ ಸಿಡುಕು” ಎಂದು ಇನ್ನೊಬ್ಬರು ಹೇಳುತ್ತಾರೆ. ಅವರ ಅನುಮಾನಗಳೂ ಹೆಚ್ಚು ಕಡಿಮೆ ಒಂದೇ ರೀತಿ. ಒಂದು, ನನ್ನ ಮೇಲಿನ ಪ್ರೀತಿ ತೀರಿತು. ಎರಡು, ಬೇರೆ ಯಾರೋ ಇದ್ದಾರೆ. ಮೂರು, ಯಾರದೋ ನಜರ್ ತಗುಲಿದೆ. ಇದು ಶರೀರದ ಕಾಯಿಲೆ ಇರಬಹುದೇ ಎಂಬ ನಾಲ್ಕನೆಯ ಅನುಮಾನ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಕುಣಿಗಲ್ ಕಡೆಯ ನಮ್ಮ ಸಂಬಂಧಿಕರ ಮನೆಯಲ್ಲಿ ನಡೆದದ್ದನ್ನು ಕೇಳಿ. ಪತಿಗೆ ಐವತ್ತೆಂಟು, ಪತ್ನಿಗೆ ಐವತ್ತೆರಡು. ಗಟ್ಟಿಮುಟ್ಟಾದ ಆಳು, ಅಂಗಡಿ ವ್ಯಾಪಾರ. ಮೆಲ್ಲಗೆ ಹೆಂಡತಿಯಿಂದ ದೂರ ಸರಿದರು. ಆಕೆ ಅನುಮಾನಪಟ್ಟರು, ಅತ್ತರು, ಅವರ ಫೋನನ್ನು ಕದ್ದು ನೋಡಿದರು. ಏನೂ ಸಿಗಲಿಲ್ಲ. ಮೂರು ವರ್ಷ ಹೀಗೆ ಕಳೆಯಿತು. ಒಂದು ದಿನ ಅವರ ಕಾಲಿನ ಬೆರಳಿಗೆ ಚಪ್ಪಲಿ ಉಜ್ಜಿ ಗಾಯವಾಯಿತು. ಅದು ಮಾಯಲಿಲ್ಲ. ಆಸ್ಪತ್ರೆಗೆ ಹೋದಾಗ ರಕ್ತದ ಸಕ್ಕರೆ 300ಕ್ಕೂ ಮೇಲಿತ್ತು. ವೈದ್ಯರು ಹೆಂಡತಿಯನ್ನು ಹೊರಗೆ ಕೂರಿಸಿ, ದಾಂಪತ್ಯದಲ್ಲಿ ತೊಂದರೆ ಇದೆಯೇ, ಎಷ್ಟು ದಿನದಿಂದ ಎಂದು ಅವರನ್ನು ಕೇಳಿದರು. ಆಗ ಹೊರಬಿತ್ತು ಮೂರು ವರ್ಷದ ಸತ್ಯ. ಆ ವೇಳೆಗೆ ಒಂದು ಬೆರಳನ್ನು ಉಳಿಸಲಾಗಲಿಲ್ಲ. ಹೆಂಡತಿ ನನ್ನ ಬಳಿ ಹೇಳಿದ್ದು ಇಷ್ಟೇ: “ಸೌತಿಯನ್ನು ಹುಡುಕುವ ಬದಲು ಶುಗರ್ ಹುಡುಕಿದ್ದರೆ ಬೆರಳು ಉಳಿಯುತ್ತಿತ್ತು.”

ವಯಸ್ಸು ಮಾಡುವುದೆಷ್ಟು, ಕಾಯಿಲೆ ಮಾಡುವುದೆಷ್ಟು?

ಮೊದಲು ಇವೆರಡನ್ನೂ ಬೇರೆ ಮಾಡಿ ನೋಡೋಣ. ವಯಸ್ಸಾದಂತೆ ಗಂಡಸಿನ ಶರೀರದಲ್ಲಿ ಕೆಲವು ಬದಲಾವಣೆ ಸಹಜ. ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಮೂವತ್ತು, ನಲವತ್ತರ ನಂತರ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತದೆ. ನಮಗೆ ಮುಟ್ಟು ನಿಲ್ಲುವಂತೆ ಅವರಿಗೆ ಯಾವುದೂ ಒಮ್ಮೆಗೇ ನಿಲ್ಲುವುದಿಲ್ಲ. ಎಲ್ಲವೂ ನಿಧಾನವಾಗುತ್ತದೆ. ಉದ್ರೇಕಕ್ಕೆ ಹೆಚ್ಚು ಸಮಯ ಬೇಕು. ದೃಢತೆ ಮೊದಲಿನಷ್ಟಿರುವುದಿಲ್ಲ. ಒಂದು ಮಿಲನಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಗಂಟೆಗಳಿಂದ ದಿನಗಳಿಗೆ ಏರುತ್ತದೆ. ಇದು ಕಾಯಿಲೆಯಲ್ಲ. ಇಪ್ಪತ್ತೈದರ ಕಾಲು ಓಡುತ್ತದೆ, ಅರವತ್ತರ ಕಾಲು ನಡೆಯುತ್ತದೆ. ನಡೆಯುವ ಕಾಲನ್ನು ಯಾರೂ ಕುಂಟು ಎನ್ನುವುದಿಲ್ಲವಷ್ಟೆ.

ಆದರೆ ಸಾಮರ್ಥ್ಯ ಪೂರ್ತಿ ಕೈಕೊಟ್ಟರೆ, ಅದೂ ತಿಂಗಳುಗಟ್ಟಲೆ ಹಾಗೇ ಇದ್ದರೆ, ಕೇವಲ ವಯಸ್ಸನ್ನು ದೂರಿ ಸುಮ್ಮನಿರುವುದು ಸರಿಯಲ್ಲ. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ 1987ರಿಂದ 1989ರವರೆಗೆ 40ರಿಂದ 70 ವರ್ಷದ ಸುಮಾರು 1,300 ಗಂಡಸರನ್ನು ಅಧ್ಯಯನ ಮಾಡಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ. 52 ಮಂದಿಗೆ ಹೆಚ್ಚೋ ಕಡಿಮೆಯೋ ಈ ತೊಂದರೆ ಇತ್ತು. ಪೂರ್ತಿ ಅಸಾಮರ್ಥ್ಯ ನಲವತ್ತರಲ್ಲಿ ಶೇ. 5ರಷ್ಟಿದ್ದದ್ದು ಎಪ್ಪತ್ತರಲ್ಲಿ ಶೇ. 15ಕ್ಕೆ ಏರಿತ್ತು. ಈ ಅಂಕಿಗಳನ್ನು ತಿರುಗಿಸಿ ನೋಡಿ. ಎಪ್ಪತ್ತು ವರ್ಷದವರಲ್ಲೂ ನೂರಕ್ಕೆ ಎಂಬತ್ತೈದು ಮಂದಿಗೆ ಪೂರ್ತಿ ಅಸಾಮರ್ಥ್ಯ ಇರಲಿಲ್ಲ. ತೊಂದರೆ ಹೆಚ್ಚಾಗಿ ಕಂಡದ್ದು ಸಕ್ಕರೆ ಕಾಯಿಲೆ, ಹೃದ್ರೋಗ, ರಕ್ತದೊತ್ತಡ ಇದ್ದವರಲ್ಲಿ. ಈ ರೋಗಗಳ ಜೊತೆಗೆ ಧೂಮಪಾನವೂ ಸೇರಿದವರ ಸ್ಥಿತಿ ಇನ್ನೂ ಕೆಟ್ಟದಿತ್ತು. ಎಂದರೆ ಇದರಲ್ಲಿ ವಯಸ್ಸಿನ ಪಾಲು ಇದೆ, ಬದುಕುವ ರೀತಿಯ ಪಾಲು ಅದಕ್ಕಿಂತ ಕಡಿಮೆಯೇನಿಲ್ಲ.

ಸಣ್ಣ ನಾಳ ಕೊಡುವ ದೊಡ್ಡ ಸೂಚನೆ

ಇದು ನಡೆಯುವ ರೀತಿಯನ್ನು ಸರಳವಾಗಿ ಹೇಳುತ್ತೇನೆ. ಗಂಡಸಿನ ಸಾಮರ್ಥ್ಯ ನಿಂತಿರುವುದು ರಕ್ತಸಂಚಾರದ ಮೇಲೆ. ಮಿದುಳಿನಿಂದ ನರಗಳ ಮೂಲಕ ಸಂದೇಶ ಬರಬೇಕು, ರಕ್ತನಾಳಗಳು ಸಡಿಲಗೊಂಡು ಹಿಗ್ಗಬೇಕು, ರಕ್ತ ತುಂಬಿ ನಿಲ್ಲಬೇಕು. ನರ ಹಾಳಾದರೂ ತೊಂದರೆ, ನಾಳ ಗಟ್ಟಿಯಾದರೂ ತೊಂದರೆ, ಮನಸ್ಸು ಕುಗ್ಗಿದರೂ ತೊಂದರೆ.

ಆ ಭಾಗದ ರಕ್ತನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳದ ಅಗಲ 3ರಿಂದ 4 ಮಿಲಿಮೀಟರ್. ಕೊಬ್ಬು, ಸಕ್ಕರೆ, ಹೊಗೆಯಿಂದ ಶರೀರದ ನಾಳಗಳೆಲ್ಲವೂ ಒಟ್ಟಿಗೇ ಕೆಡುತ್ತವೆ. ಆದರೆ ಸಣ್ಣ ಕೊಳವೆ ಮೊದಲು ಕಟ್ಟಿಕೊಳ್ಳುತ್ತದೆ, ದೊಡ್ಡದು ಆಮೇಲೆ. ಅಡುಗೆಮನೆಯ ನಲ್ಲಿ, ಮೋರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದುದರಿಂದಲೇ ಅನೇಕ ಗಂಡಸರಲ್ಲಿ ಈ ದೌರ್ಬಲ್ಯ ಕಾಣಿಸಿಕೊಂಡ ಎರಡರಿಂದ ಐದು ವರ್ಷಗಳಲ್ಲಿ ಎದೆನೋವು ಅಥವಾ ಹೃದಯಾಘಾತ ಬರುವುದನ್ನು ವೈದ್ಯರು ಗಮನಿಸಿದ್ದಾರೆ. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ಶರೀರ ಕೊಟ್ಟ ಈ ನೋಟೀಸನ್ನು ಓದಿದವನಿಗೆ ಎಚ್ಚರಗೊಳ್ಳಲು ಎರಡು ಮೂರು ವರ್ಷದ ಕಾಲಾವಕಾಶ ಸಿಗುತ್ತದೆ. ನಾಚಿಕೆಯಿಂದ ಮಡಚಿಟ್ಟವನಿಗೆ ಆ ಅವಕಾಶ ಕೈತಪ್ಪುತ್ತದೆ.

ಸಕ್ಕರೆ ಕಾಯಿಲೆ ಇನ್ನೂ ಕೆಟ್ಟದ್ದು. ಅದು ನಾಳವನ್ನೂ ನರವನ್ನೂ ಒಟ್ಟಿಗೇ ತಿನ್ನುತ್ತದೆ. ಜಗತ್ತಿನ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಧುಮೇಹ ಇರುವ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ಇರುವುದು ಕಂಡುಬಂತು. ಅದೂ ಇತರರಿಗಿಂತ ಹತ್ತು ಹದಿನೈದು ವರ್ಷ ಮೊದಲೇ ಬರುತ್ತದೆ.

ನಮ್ಮ ಊರು, ನಮ್ಮ ಬದುಕು

ಈಗ ನಮ್ಮ ಜಿಲ್ಲೆಗೆ ಬನ್ನಿ. ತುಮಕೂರಿನ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರಿದ್ದಾರೆ. ಆ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹಗಲು ನಾವು ಕಟ್ಟಿದ್ದೇ ರಾತ್ರಿ ನಮ್ಮ ಮನೆಯ ಗಂಡಸಿನ ತುಟಿಯಲ್ಲಿ ಉರಿಯುತ್ತದೆ. ಬೀಡಿ ಸಣ್ಣದು, ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಅದು ಸುಳ್ಳು. ಬೀಡಿಯ ಹೊಗೆಯಲ್ಲಿ ನಿಕೋಟಿನ್ ಕಡಿಮೆಯೇನಿಲ್ಲ, ಟಾರ್ ಮತ್ತು ಇಂಗಾಲದ ಮಾನಾಕ್ಸೈಡ್ ಇನ್ನೂ ಹೆಚ್ಚು. ನಿಕೋಟಿನ್ ರಕ್ತನಾಳವನ್ನು ಹಿಂಡುತ್ತದೆ. ಹಿಗ್ಗಬೇಕಾದ ನಾಳವನ್ನು ದಿನಕ್ಕೆ ಇಪ್ಪತ್ತು ಸಲ ಹಿಂಡಿದರೆ ಅದು ಎಷ್ಟು ದಿನ ತಾಳೀತು?

ಗುಬ್ಬಿಯ ಕಡೆ ಅಡಿಕೆ, ತೆಂಗು ಜೀವನಾಧಾರ. ನನ್ನ ತವರಿನ ಬೀದಿಯಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಕೊಡದಿದ್ದರೆ ಮರ್ಯಾದೆ ಮಾಡಿದಂತಾಗುವುದಿಲ್ಲ. ಆದರೆ ಅದಕ್ಕೆ ಹೊಗೆಸೊಪ್ಪು ಸೇರಿದಾಗ ಬೀಡಿಯ ವಿಷವೇ ಬೇರೆ ದಾರಿಯಿಂದ ಒಳಗೆ ಹೋಗುತ್ತದೆ. ಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬಂತು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುವುದನ್ನು ಬಸ್ ನಿಲ್ದಾಣದಲ್ಲಿ ಯಾರು ನೋಡಿಲ್ಲ?

ಮಂಡಿಪೇಟೆಯ ವ್ಯಾಪಾರಿಯ ದಿನಚರಿ ನೋಡಿ. ಬೆಳಗ್ಗೆಯಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಇರುತ್ತಾನೆ. ಗಿರಾಕಿ ಬಂದಾಗಲೆಲ್ಲಾ ಸಕ್ಕರೆ ಹಾಕಿದ ಚಹಾ. ಮಸೀದಿಗೆ ನೂರು ಹೆಜ್ಜೆ, ಅದಕ್ಕೂ ಸ್ಕೂಟರ್. ರಾತ್ರಿ ಹತ್ತೂವರೆಗೆ ಹೊಟ್ಟೆ ತುಂಬಾ ಊಟ, ಕೂಡಲೇ ನಿದ್ದೆ. ವಾರಕ್ಕೆ ಎರಡು ಮದುವೆ, ಎರಡು ಬಿರಿಯಾನಿ. ರಾಗಿಮುದ್ದೆ ತಿನ್ನುವವನಿಗೆ ಶುಗರ್ ಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಇದೆ. ಹೊಲದಲ್ಲಿ ಉತ್ತು ಬಂದವನಿಗೆ ಎರಡು ಮುದ್ದೆ ಸರಿ. ಕುರ್ಚಿಯಲ್ಲಿ ಕುಳಿತವನಿಗೆ ಎರಡು ಮುದ್ದೆಯೂ ಹಿಟ್ಟೇ, ಸಕ್ಕರೆಯೇ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮೀರಿದರೆ ಅಪಾಯ ಎನ್ನುತ್ತಾರೆ. ಹೊಟ್ಟೆಯ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಗಂಡಸಿನ ಹಾರ್ಮೋನನ್ನು ಇಳಿಸುತ್ತದೆ. ರಾತ್ರಿ ಗೊರಕೆ, ಉಸಿರು ಕಟ್ಟುವುದು, ಹಗಲು ತೂಕಡಿಕೆ ಇದ್ದರೆ ಅದೂ ಸಾಮರ್ಥ್ಯವನ್ನು ಕುಗ್ಗಿಸುತ್ತದೆ.

ಕುಣಿಗಲ್ ಎಂದರೆ ಕುದುರೆಗಳ ಊರು. ಟಿಪ್ಪು ಸುಲ್ತಾನರ ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಮ್ಮಿನ ಬಗ್ಗೆ ನನ್ನ ತಂಗಿಯ ಅತ್ತೆ ತಮಾಷೆಯಾಗಿ ಹೇಳುತ್ತಿದ್ದರು: “ಅಲ್ಲಿ ಗಂಡು ಕುದುರೆಗೆ ಅಳತೆಯ ಮೇವು, ದಿನಾ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ನಮ್ಮ ಮನೆಯ ಯಜಮಾನರಿಗೆ ಈ ಮೂರೂ ಇಲ್ಲ.” ನಗುತ್ತಾ ಹೇಳಿದ ಮಾತು. ಆದರೆ ಯಾವ ವೈದ್ಯರೂ ಇದಕ್ಕಿಂತ ಬೇರೆ ಹೇಳಲಾರರು.

ಇದಕ್ಕೆ ಪುರಾವೆಯೂ ಇದೆ. ಇಟಲಿಯಲ್ಲಿ ಸ್ಥೂಲಕಾಯದ, ಈ ತೊಂದರೆಯಿದ್ದ 110 ಗಂಡಸರನ್ನು ಎರಡು ಗುಂಪು ಮಾಡಿದರು. 55 ಮಂದಿಗೆ ಆಹಾರ ಮತ್ತು ವ್ಯಾಯಾಮದ ಬಗ್ಗೆ ಬಿಡಿಸಿ ಹೇಳಿ ತೂಕ ಇಳಿಸಲು ನೆರವಾದರು. ಉಳಿದವರಿಗೆ ಸಾಮಾನ್ಯ ಸಲಹೆ ಮಾತ್ರ. ಎರಡು ವರ್ಷದ ನಂತರ ಮೊದಲ ಗುಂಪಿನ 17 ಮಂದಿಗೆ, ಎರಡನೆಯ ಗುಂಪಿನ ಬರೀ 3 ಮಂದಿಗೆ ಸಾಮರ್ಥ್ಯ ಮರಳಿತ್ತು. 2004ರಲ್ಲಿ ಪ್ರಕಟವಾದ ಅಧ್ಯಯನ ಇದು. ಅವರು ಐವತ್ತೈದರ ಒಳಗಿನವರು ನಿಜ. ಆದರೂ ಮೂವರಲ್ಲಿ ಒಬ್ಬನಿಗೆ ಮಾತ್ರೆಯಿಲ್ಲದೆ ನಡಿಗೆ ಮತ್ತು ಊಟದಿಂದ ಗುಣವಾಯಿತು ಎಂಬುದು ಸಣ್ಣ ಸಂಗತಿಯಲ್ಲ.

ಗೋಡೆಯ ಮೇಲಿನ ಜಾಹೀರಾತು

ಬೆಂಗಳೂರಿನಿಂದ ತುಮಕೂರು, ಗುಬ್ಬಿ ದಾಟಿ ಹೊನ್ನಾವರದ ಕಡೆಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೆ ಗೋಡೆ, ಕಂಬಗಳ ಮೇಲೆ ಒಂದಲ್ಲ ಒಂದು ಬರಹ ಕಾಣುತ್ತದೆ. ‘ಪುರುಷರ ಗುಪ್ತ ಸಮಸ್ಯೆಗೆ ಗ್ಯಾರಂಟಿ ಪರಿಹಾರ’. ಯಾವುದೋ ಲಾಡ್ಜಿನ ಕೋಣೆ ಸಂಖ್ಯೆ, ತಿಂಗಳಿಗೊಂದು ಭಾನುವಾರ. ಹೆಂಡತಿಗೆ ಹೇಳಲಾಗದ, ವೈದ್ಯರ ಬಳಿ ಹೋಗಲಾಗದ ಗಂಡಸು ಹೋಗುವುದು ಅಲ್ಲಿಗೇ. ಮಗಳ ಮದುವೆಗೆ ಕೂಡಿಟ್ಟ ದುಡ್ಡಿನಲ್ಲಿ ಸಾವಿರಾರು ರೂಪಾಯಿ ಒಂದು ಡಬ್ಬಿ ಪುಡಿಗೆ ಹೋಗುತ್ತದೆ.

ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ನೀಡುವುದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಪುಸ್ತಕದಲ್ಲಿದೆ, ಜಾಹೀರಾತು ಗೋಡೆಯಲ್ಲಿದೆ. ಅಂತಹ ಪುಡಿಗಳಲ್ಲಿ ಏನಿರುತ್ತದೆ? ‘ಗಿಡಮೂಲಿಕೆ’ ಎಂದು ಮಾರುವ ಎಷ್ಟೋ ಡಬ್ಬಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ಅಳತೆ ಗೊತ್ತಿಲ್ಲದ ಭಸ್ಮ, ಕುಶ್ತಾಗಳಲ್ಲಿ ಸೀಸ, ಪಾದರಸದಂತಹ ಲೋಹಗಳಿದ್ದರೆ ಮೂತ್ರಪಿಂಡಕ್ಕೆ ಹೊಡೆತ. ಓದಿದ, ನೋಂದಣಿಯಿರುವ ಹಕೀಮರು, ಆಯುರ್ವೇದ ವೈದ್ಯರು ಬೇರೆ. ಲಾಡ್ಜಿನ ಕೋಣೆಯವರು ಬೇರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ನಾನು ತೂಗುತ್ತಿಲ್ಲ.

ಇನ್ನು ‘ನೀಲಿ ಮಾತ್ರೆ’ಯ ಮಾತು. ಸಿಲ್ಡೆನಾಫಿಲ್ ಎಂಬ ಈ ಔಷಧಿಯನ್ನು ಎದೆನೋವಿಗೆಂದು ಪರೀಕ್ಷಿಸುತ್ತಿದ್ದಾಗ ಅದರ ಇನ್ನೊಂದು ಗುಣ ಗೊತ್ತಾಯಿತು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವೈದ್ಯರು ಪರೀಕ್ಷಿಸಿ ಕೊಟ್ಟರೆ ಅದು ಒಳ್ಳೆಯ ಔಷಧಿಯೇ, ಬಹಳಷ್ಟು ಜನರಿಗೆ ನೆರವಾಗಿದೆ. ಆದರೆ ಒಂದು ಮಾತನ್ನು ದಯವಿಟ್ಟು ನೆನಪಿಡಿ. ಹೃದ್ರೋಗಕ್ಕೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್‌ನಂತಹ ನೈಟ್ರೇಟ್ ಮಾತ್ರೆ ಬಳಸುವವರು ಇದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಅಪಾಯ. ಗೆಳೆಯನ ಜೇಬಿನಿಂದ ಮಾತ್ರೆ ಪಡೆದು, ಮೆಡಿಕಲ್ ಅಂಗಡಿಯಲ್ಲಿ ಕಣ್ಸನ್ನೆ ಮಾಡಿ ಖರೀದಿಸಿ, ಮನೆಯಲ್ಲಿ ಯಾರಿಗೂ ಹೇಳದೆ ನುಂಗಿದ ಗಂಡಸಿಗೆ ರಾತ್ರಿ ಎದೆನೋವು ಬಂದರೆ? ಏನೂ ಅರಿಯದ ಹೆಂಡತಿ ಸಾರ್ಬಿಟ್ರೇಟ್ ಇಟ್ಟರೆ? ಗುಟ್ಟು ಕೊಲ್ಲುವುದು ಹೀಗೆ.

ಮಾತ್ರೆ, ಪ್ರಾಸ್ಟೇಟ್, ಮನಸ್ಸು

ಬಿ.ಪಿ.ಯ ಕೆಲವು ಹಳೆಯ ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು, ಪ್ರಾಸ್ಟೇಟ್ ಗ್ರಂಥಿಗೆ ಕೊಡುವ ಒಂದೆರಡು ಮಾತ್ರೆಗಳು ಸಾಮರ್ಥ್ಯವನ್ನು ತಗ್ಗಿಸಬಹುದು. ಅದು ಗೊತ್ತಾದ ಗಂಡಸರು ಏನು ಮಾಡುತ್ತಾರೆ? ವೈದ್ಯರಿಗೆ ಹೇಳದೆ ಬಿ.ಪಿ. ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಆಮೇಲೆ ಪಾರ್ಶ್ವವಾಯು ಬಂದರೆ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಪತಿ ಮಾತ್ರೆಯ ಪಟ್ಟಿಯನ್ನು ಹಾಗೆಯೇ ಉಳಿಸಿದ್ದರೆ ಗದರಬೇಡಿ. ಮಾತ್ರೆ ಬದಲಿಸಬಹುದು, ಬೇರೆ ಜಾತಿಯ ಮಾತ್ರೆಗಳಿವೆ, ವೈದ್ಯರನ್ನು ಕೇಳೋಣ ಎಂದು ಹೇಳಿ.

ಐವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಬಹಳ ಸಾಮಾನ್ಯ. ರಾತ್ರಿ ನಾಲ್ಕು ಸಲ ಏಳುವುದು, ಮೂತ್ರ ತೊಟ್ಟಿಕ್ಕುವುದು. ವುಝೂ ಉಳಿಯುವುದೋ ಇಲ್ಲವೋ ಎಂಬ ಅಳುಕಿನಿಂದ ಮಸೀದಿಗೆ ಹೋಗುವುದನ್ನೇ ಕಡಿಮೆ ಮಾಡಿದ ಹಿರಿಯರನ್ನು ನಾನು ಬಲ್ಲೆ. ಮನೆಯವರು ಅದನ್ನು ಸೋಮಾರಿತನ ಎಂದುಕೊಂಡರು. ಇದಕ್ಕೆ ಚಿಕಿತ್ಸೆಯಿದೆ. ಆಪರೇಷನ್ ಮಾಡಿಸಿದರೆ ಗಂಡಸುತನ ಹೋಗುತ್ತದೆ ಎಂಬ ಹೆದರಿಕೆಯಿಂದ ಮುಂದೂಡುವವರಿದ್ದಾರೆ. ಸಾಮಾನ್ಯವಾಗಿ ನಡೆಯುವ ಆಪರೇಷನ್ ನಂತರ ವೀರ್ಯ ಹೊರಗೆ ಬರದೆ ಮೂತ್ರಕೋಶದ ಕಡೆಗೆ ಹೋಗುವುದುಂಟು. ಆದರೆ ಹೆಚ್ಚಿನವರಲ್ಲಿ ಸಾಮರ್ಥ್ಯ ಉಳಿಯುತ್ತದೆ. ಮೊದಲೇ ಕೇಳಿ ತಿಳಿದುಕೊಂಡರೆ ಭಯವಿರುವುದಿಲ್ಲ.

ಮನಸ್ಸಿನ ಪಾಲು ಕೂಡ ದೊಡ್ಡದು. ನಿವೃತ್ತಿಯಾಯಿತು, ಅಂಗಡಿ ಮಗನ ಕೈಗೆ ಹೋಯಿತು, ಸಾಲ ಉಳಿಯಿತು, ಜೊತೆಯವರು ಒಬ್ಬೊಬ್ಬರೇ ತೀರಿಕೊಂಡರು. ಗಂಡಸು ಅಳುವುದಿಲ್ಲ, ಸಿಡುಕುತ್ತಾನೆ. ಒಮ್ಮೆ ಸೋತರೆ ಮತ್ತೆ ಸೋಲುವೆನೆಂಬ ಹೆದರಿಕೆಯೇ ಅವನನ್ನು ಸೋಲಿಸುತ್ತದೆ. ಬೆಳಗಿನ ಜಾವ ನಿದ್ದೆಯಲ್ಲಿ ಸಹಜವಾಗಿ ಆಗುವ ಉದ್ರೇಕ ಹಾಗೆಯೇ ಇದ್ದರೆ ತೊಂದರೆ ಬಹುಶಃ ಮನಸ್ಸಿನದು, ಅದೂ ಇಲ್ಲವಾಗಿದ್ದರೆ ಶರೀರವನ್ನು ಪರೀಕ್ಷಿಸಬೇಕು ಎಂಬುದು ವೈದ್ಯರು ಬಳಸುವ ಒಂದು ಸರಳ ಗುರುತು.

ನಮ್ಮ ಕಡೆಯ ವಿಷಯವನ್ನೂ ಮರೆಯಬಾರದು. ನಮ್ಮ ದೇಶದಲ್ಲಿ ಸರಾಸರಿ 46, 47ರ ವೇಳೆಗೆ ಮುಟ್ಟು ನಿಲ್ಲುತ್ತದೆ. ಆಮೇಲೆ ಒಳಚರ್ಮ ಒಣಗಿ ಮಿಲನ ನೋವಾಗುತ್ತದೆ. ಹೆಂಡತಿ ಹಿಂಜರಿಯುತ್ತಾಳೆ. ಅದನ್ನು ಅವನು ತಿರಸ್ಕಾರ ಎಂದು ತಿಳಿಯುತ್ತಾನೆ. ಅವನು ದೂರ ಸರಿದದ್ದನ್ನು ಅವಳು ತಿರಸ್ಕಾರ ಎಂದು ತಿಳಿಯುತ್ತಾಳೆ. ಈ ಒಣಗುವಿಕೆಗೂ ಸ್ತ್ರೀರೋಗ ತಜ್ಞೆಯರ ಬಳಿ ಸುಲಭ ಚಿಕಿತ್ಸೆ ಇದೆ. ಗುಬ್ಬಿ ಗೇಟಿನ ಎರಡು ಕೋಣೆಯ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ವೃದ್ಧ ದಂಪತಿಗೆ ಒಂದು ಬಾಗಿಲಾದರೂ ಎಲ್ಲಿದೆ? ಸೊಸೆಯಂದಿರೇ, ಈ ಮಾತು ನಿಮಗೆ. ಅಜ್ಜ ಅಜ್ಜಿಗೂ ತಮ್ಮದೇ ಆದ ಒಂದು ಕೋಣೆ ಇರಲಿ. ಅದು ಬರೀ ಶರೀರದ ಮಾತಲ್ಲ, ಇಬ್ಬರು ಒಟ್ಟಿಗೆ ಕುಳಿತು ಹಳೆಯದನ್ನು ನೆನೆದು ನಗಲು ಕೂಡ ಬಾಗಿಲು ಬೇಕು.

ಮಾತು ಶುರು ಮಾಡುವುದು ಹೇಗೆ?

ಕನ್ನಡದಲ್ಲಿ ವೈದ್ಯೆ, ಲೇಖಕಿ ಡಾ. ಅನುಪಮಾ ನಿರಂಜನ ಅವರು ದಶಕಗಳ ಹಿಂದೆಯೇ ‘ದಾಂಪತ್ಯ ದೀಪಿಕೆ’ ಎಂಬ ಪುಸ್ತಕ ಬರೆದು, ಮನೆಯ ಹೆಣ್ಣುಮಕ್ಕಳು ಓದುವ ಭಾಷೆಯಲ್ಲಿ ಈ ವಿಷಯವನ್ನು ಹೇಳಿದ್ದರು. ಅವರು 1991ರಲ್ಲಿ ತೀರಿಕೊಂಡರು. ಅವರು ತೋರಿಸಿದ ದಾರಿ ಇಷ್ಟೇ: ಅಸಭ್ಯವಾಗದೆಯೂ ಇದನ್ನು ಮಾತನಾಡಬಹುದು.

ಹಾಗಾದರೆ ಹೇಗೆ ಶುರು ಮಾಡುವುದು? ರಾತ್ರಿ ಹಾಸಿಗೆಯಲ್ಲಿ ಬೇಡ. ಅದು ಆರೋಪದಂತೆ ಕೇಳುತ್ತದೆ. ಹಗಲು, ನಡೆಯುತ್ತಿರುವಾಗ ಅಥವಾ ಚಹಾ ಕುಡಿಯುವಾಗ ಮಾತನಾಡಿ. “ನಿಮಗೇನಾಗಿದೆ?” ಎನ್ನುವ ಬದಲು “ನಿಮ್ಮ ಆರೋಗ್ಯದ ಬಗ್ಗೆ ನನಗೆ ಚಿಂತೆ, ಒಮ್ಮೆ ಶುಗರ್, ಬಿ.ಪಿ. ನೋಡಿಸೋಣ, ನಾನೂ ನೋಡಿಸಿಕೊಳ್ಳುತ್ತೇನೆ” ಎನ್ನಿ. ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋದರೆ ಅವನಿಗೆ ಅವಮಾನವಾಗುವುದಿಲ್ಲ. ಇತರರ ಮುಂದೆ, ತಮಾಷೆಗೂ, ಇದರ ಸುಳಿವು ಕೊಡಬೇಡಿ. ಒಂದು ಚುಚ್ಚುಮಾತು ಒಂದು ವರ್ಷದ ಬಾಗಿಲು ಮುಚ್ಚುತ್ತದೆ.

ತುಮಕೂರಿನ ಜಿಲ್ಲಾ ಆಸ್ಪತ್ರೆ, ಗುಬ್ಬಿ ಮತ್ತು ಕುಣಿಗಲ್‌ನ ತಾಲೂಕು ಆಸ್ಪತ್ರೆಗಳಲ್ಲಿ ಬಿ.ಪಿ., ಶುಗರ್ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಮೂವತ್ತು ದಾಟಿದವರ ಬಿ.ಪಿ., ಶುಗರ್ ಅನ್ನು ಮನೆ ಬಾಗಿಲಲ್ಲೇ ಪರೀಕ್ಷಿಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿತು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ “ಗಂಡಸರು ಮನೆಯಲ್ಲಿಲ್ಲ” ಎಂದು ಕಳುಹಿಸಬೇಡಿ, ಯಾವಾಗ ಇರುತ್ತಾರೆಂದು ಹೇಳಿ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಮೂತ್ರಪಿಂಡದ ಪರೀಕ್ಷೆ, ಇ.ಸಿ.ಜಿ. ಮಾಡಿಸಿ. ಬೇಕೆನಿಸಿದರೆ ವೈದ್ಯರು ಬೆಳಗಿನ ಹೊತ್ತು ಹಾರ್ಮೋನಿನ ಪರೀಕ್ಷೆ ಹೇಳುತ್ತಾರೆ. ನಿಮ್ಮ ಮುಂದೆ ಅವರು ಮಾತನಾಡಲಾರರು ಎನಿಸಿದರೆ ಎದ್ದು ಹೊರಗೆ ಕುಳಿತುಕೊಳ್ಳಿ. ಆ ಐದು ನಿಮಿಷ ಅವರಿಗೆ ಬೇಕು.

ನಡಿಗೆ ವಾರಕ್ಕೆ 150 ನಿಮಿಷವಾದರೂ ಇರಲಿ. ತುಮಕೂರಿನಲ್ಲಿ ಅಮಾನಿಕೆರೆಯ ದಂಡೆಯಿದೆ, ಕುಣಿಗಲ್‌ನಲ್ಲಿ ಜನಪದ ಹಾಡಿನಲ್ಲಿ ಹೆಸರಾದ ಕೆರೆಯೇ ಇದೆ. ಫಜ್ರ್ ನಮಾಝಿನಿಂದ ಬಂದು ಮತ್ತೆ ಮಲಗುವ ಬದಲು ಅರ್ಧ ಗಂಟೆ ನಡೆಯಲಿ, ನೀವೂ ಜೊತೆಗೆ ಹೋಗಿ. ಬೀಡಿ ಬಿಡಲು ರಮಝಾನ್ ಒಳ್ಳೆಯ ಅವಕಾಶ. ಬೆಳಗಿನಿಂದ ಸಂಜೆಯವರೆಗೆ ಮುಟ್ಟದವನಿಗೆ ಇಫ್ತಾರಿನ ನಂತರವೂ ಮುಟ್ಟದಿರಲು ಸಾಧ್ಯ. 1800-112-356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ತಂಬಾಕು ಬಿಡಲು ಸಲಹೆ ನೀಡುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಉಪವಾಸಕ್ಕೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು.

ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಅರವತ್ತಾದ ಮೇಲೂ ಯೌವನದಂತೆಯೇ ಇರಬೇಕೆಂಬ ಹಟ ನನಗಿಲ್ಲ. ಇಬ್ಬರೂ ಒಪ್ಪಿ, ಸಮಾಧಾನದಿಂದ, ಜೊತೆಗೆ ಕುಳಿತು ಮಾತನಾಡುತ್ತಾ ಬದುಕುವ ಎಷ್ಟೋ ದಂಪತಿಗಳಿದ್ದಾರೆ. ಅವರಿಗೆ ಏನೂ ಕೊರತೆಯಿಲ್ಲ. ಚಿಕಿತ್ಸೆಯಿಂದ ಎಲ್ಲರಿಗೂ ಎಲ್ಲವೂ ಮರಳುತ್ತದೆ ಎಂದೂ ನಾನು ಹೇಳಲಾರೆ. ಹಳೆಯ ಶುಗರ್‌ನಿಂದ ನರ ಸತ್ತಿದ್ದರೆ ಪೂರ್ತಿ ಗುಣವಾಗದೇ ಇರಬಹುದು. ಆದರೆ ಕಾರಣ ಗೊತ್ತಾದ ಮನೆಯಲ್ಲಿ ಅನುಮಾನವಿರುವುದಿಲ್ಲ. ಕೈ ಹಿಡಿಯಲು, ತಲೆ ಸವರಲು, ಒಂದೇ ಕೋಣೆಯಲ್ಲಿ ಮಲಗಲು ಯಾವ ಮಾತ್ರೆಯೂ ಬೇಕಿಲ್ಲ.

ಆದುದರಿಂದ ಸಹೋದರಿಯರೇ, ಮುಂದಿನ ತಿಂಗಳ ರೇಷನ್ ಪಟ್ಟಿ ಬರೆಯುವಾಗ ಸಕ್ಕರೆಯನ್ನು ಒಂದು ಕಿಲೋ, ಎಣ್ಣೆಯನ್ನು ಅರ್ಧ ಲೀಟರ್ ಕಡಿಮೆ ಬರೆಯಿರಿ. ಅದೇ ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಇಬ್ಬರಿಗೂ ಬಿ.ಪಿ., ಶುಗರ್ ಪರೀಕ್ಷೆ. ಚೀಟಿಯನ್ನು ಅವರ ಕೈಗೇ ಕೊಡಿ.